ಮನೆ ಪಕ್ಕದ ಲಕ್ಷದ್ವೀಪ

2024ರ ಜನವರಿ ಮೊದಲ ವಾರ ನೆನಪಿದೆಯಾ? ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದರು, ಸಮುದ್ರದ ದಡದಲ್ಲಿ ಕೂತ ಫೋಟೋ ಬಂತು. ಅಷ್ಟೇ, ಇಡೀ ದೇಶ ಲಕ್ಷದ್ವೀಪದ ಹಿಂದೆ ಬಿತ್ತು. ನಮ್ಮ ಚಾನೆಲ್‌ಗೂ ಫೋನ್ ಮೇಲೆ ಫೋನ್. ಅಲ್ಲಿಗೆ ಹೇಗೆ ಹೋಗೋದು, ಎಷ್ಟು ಖರ್ಚಾಗುತ್ತೆ, ಪರ್ಮಿಟ್ ಎಲ್ಲಿ ಸಿಗುತ್ತೆ? ಫೋನ್ ಮಾಡಿದವರಲ್ಲಿ ದಾವಣಗೆರೆ ಜಿಲ್ಲೆಯವರೂ ಇದ್ದರು.

ಅವರಿಗೆ ನಾನೊಂದು ಲೆಕ್ಕ ಕೊಡ್ತೀನಿ. ಲಕ್ಷದ್ವೀಪದ 36 ದ್ವೀಪಗಳ ನೆಲವನ್ನೆಲ್ಲ ಒಟ್ಟು ಸೇರಿಸಿದರೂ ಸುಮಾರು 32 ಚದರ ಕಿಲೋಮೀಟರ್. ಚನ್ನಗಿರಿ ತಾಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರದ ನೀರಿನ ಹರವು ದಾಖಲೆಯಲ್ಲಿ 6,550 ಎಕರೆ. ಅಂದರೆ 26 ಚದರ ಕಿಲೋಮೀಟರಿಗೂ ಜಾಸ್ತಿ! ಅಲ್ಲಿ ಸಮುದ್ರದ ನಡುವೆ ಇರುವ ನೆಲಕ್ಕೆ ಹೆಚ್ಚುಕಡಿಮೆ ಸಮವಾದ ನೀರು ಇಲ್ಲಿ ನಮ್ಮ ನೆಲದ ನಡುವೆ ನಿಂತಿದೆ.

ಲಕ್ಷದ್ವೀಪಕ್ಕೆ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಖಂಡಿತ ಹೋಗಿ. ಆದರೆ ನಮ್ಮ ಪಕ್ಕದಲ್ಲೇ ಏನಿದೆ ಅನ್ನೋದನ್ನೂ ಒಮ್ಮೆ ನೋಡೋಣ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು, ಹೀಗೆ ಪಶ್ಚಿಮದಿಂದ ಪೂರ್ವಕ್ಕೆ ಬನ್ನಿ. ಒಂದೇ ಜಿಲ್ಲೆಯೊಳಗೆ ಅರೆಮಲೆನಾಡಿನ ಹಸಿರಿನಿಂದ ಬಯಲುಸೀಮೆಯ ಒಣನೆಲಕ್ಕೆ ಇಳಿದು ಬರ್ತೀರಿ.

ನ್ಯಾಮತಿ ತಾಲೂಕಿನ ಬೆಳಗುತ್ತಿ ಹತ್ತಿರ ತೀರ್ಥರಾಮೇಶ್ವರ ಇದೆ. ಗುಡ್ಡದ ನಡುವಿನ ದೇವಸ್ಥಾನ, ಅಲ್ಲಿ ಬೇಸಿಗೆಯಲ್ಲೂ ನಿಲ್ಲದ ನೀರಿನ ಒರತೆ. ರಾಮ ಬಾಣ ಬಿಟ್ಟು ನೀರು ತರಿಸಿದ ಅಂತ ಜನ ಹೇಳ್ತಾರೆ. ಸುತ್ತಲಿನ ಕಾಡು, ಗುಡ್ಡ ಮಳೆನೀರನ್ನು ಹೀರಿ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ, ಒರತೆ ಬದುಕುವುದು ಹಾಗೆ. ಎರಡನ್ನೂ ನಂಬಬಹುದು, ಜಗಳವೇನಿಲ್ಲ. ಆದರೆ ಗುಡ್ಡದ ಮರ ಹೋದರೆ ಒರತೆ ಉಳಿಯೋದು ಕಷ್ಟ. ಇದೇ ತಾಲೂಕಿನ ಸೂರಗೊಂಡನಕೊಪ್ಪ ಬಂಜಾರ ಸಮುದಾಯದ ಸಂತ ಸೇವಾಲಾಲರು ಹುಟ್ಟಿದ ಊರು. ಫೆಬ್ರವರಿಯ ಜಯಂತಿಗೆ ಬೇರೆ ರಾಜ್ಯಗಳಿಂದಲೂ ಜನ ಬರ್ತಾರೆ.

ಹೊನ್ನಾಳಿಗೆ ಬಂದರೆ ತುಂಗಭದ್ರೆ. ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರಿ ಒಂದೇ ಹೊಳೆಯಾಗಿ ಈ ಕಡೆ ಹರಿದು ಬರುತ್ತೆ. ಮಳೆಗಾಲದಲ್ಲಿ ಸೇತುವೆ ಮೇಲೆ ನಿಂತು ನೋಡಿ, ಹೊಳೆ ಅಂದ್ರೆ ಏನು ಅಂತ ಗೊತ್ತಾಗುತ್ತೆ.

ಇನ್ನು ಚನ್ನಗಿರಿ. ಸೂಳೆಕೆರೆ ಕಟ್ಟಿದ್ದು ರಾಜನ ಮಗಳು ಶಾಂತವ್ವ ಅಂತ ಕಥೆ. ಆ ಜಾಗ ಸೂಳೆಯರದ್ದು. ಕೆರೆಗೆ ನಮ್ಮ ಹೆಸರು ಇಡೋದಾದ್ರೆ ಮಾತ್ರ ಜಾಗ ಬಿಡ್ತೀವಿ ಅಂದರಂತೆ ಅವರು. ಸಮಾಜ ಕೀಳಾಗಿ ಕಂಡ ಹೆಣ್ಣುಮಕ್ಕಳು ತಮ್ಮ ಹೆಸರನ್ನು ಕೆರೆಯ ಮೇಲೆ ಬರೆಸಿದ ಕಥೆ ಇದು. ಆ ಹೆಸರು ಹೇಳೋಕೆ ನಾಚಿಕೆ ಪಡೋದು ಬೇಡ.

ಕಥೆ ಹಾಗಿರಲಿ, ಎಂಜಿನಿಯರಿಂಗ್ ನೋಡಿ. ಹರಿದ್ರಾ ಹಳ್ಳ ಎರಡು ಗುಡ್ಡಗಳ ಸಂದಿಯಲ್ಲಿ ಹಾದು ಹೋಗ್ತಿತ್ತು. ಆ ಸಂದಿಗೆ ಮಾತ್ರ ಏರಿ ಹಾಕಿದರು. ಏರಿಯ ಉದ್ದ ಸುಮಾರು 950 ಅಡಿ, ಅಷ್ಟೇ! ಇಷ್ಟು ಚಿಕ್ಕ ಏರಿ, ಅಷ್ಟು ದೊಡ್ಡ ಕೆರೆ. ಎಂಟು ಒಂಬತ್ತು ಶತಮಾನದ ಹಿಂದೆ ಈ ಜಾಗವನ್ನು ಗುರುತಿಸಿದ ಕಣ್ಣಿಗೆ ಏನು ಹೇಳೋಣ? ಸಿದ್ಧ ನಾಲೆ, ಬಸವ ನಾಲೆ ಇವತ್ತಿಗೂ ಗದ್ದೆ, ತೋಟಗಳಿಗೆ ನೀರು ಕೊಡ್ತಿವೆ. ಚಿತ್ರದುರ್ಗದ ಜನ ಕುಡಿಯೋದೂ ಈ ಕೆರೆಯ ನೀರನ್ನೇ.

ಅದೇ ತಾಲೂಕಿನ ಸಂತೇಬೆನ್ನೂರಿನಲ್ಲಿ ಪುಷ್ಕರಣಿ ಇದೆ. ಪಾಳೇಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ್ದು. ನೀರಿನ ನಡುವೆ ವಸಂತ ಮಂಟಪ, ಪಕ್ಕದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕಾಲದ ಮುಸಾಫಿರಖಾನೆ. ಗೆದ್ದವರು, ಸೋತವರು ಇಬ್ಬರೂ ಹೋದರು, ಕೊಳ ಉಳೀತು.

ಕೊನೆಗೆ ಜಗಳೂರು. ಬರದ ತಾಲೂಕು ಅಂತಲೇ ಹೆಸರು. ಅಲ್ಲಿ ನೋಡೋಕೆ ಏನಿದೆ ಅಂತ ಕೇಳ್ತೀರಾ? ರಂಗಯ್ಯನದುರ್ಗ. 2011ರಲ್ಲಿ ಘೋಷಣೆಯಾದ ಕೊಂಡುಕುರಿ ವನ್ಯಧಾಮ, ಸುಮಾರು 77 ಚದರ ಕಿಲೋಮೀಟರ್, ಲಕ್ಷದ್ವೀಪದ ನೆಲದ ಎರಡು ಪಟ್ಟಿಗೂ ಹೆಚ್ಚು. ಕೊಂಡುಕುರಿ ಅಂದರೆ ನಾಲ್ಕು ಕೊಂಬಿನ ಪ್ರಾಣಿ. ಗಂಡಿಗೆ ಮಾತ್ರ ಕೊಂಬು. ಕಿವಿಗಳ ನಡುವೆ ಎರಡು, ಹಣೆಯ ಮುಂದೆ ಇನ್ನೆರಡು ಗಿಡ್ಡ ಕೊಂಬು. ಜಗತ್ತಿನಲ್ಲಿ ಇದು ಕಾಡಿನಲ್ಲಿ ಸಿಗೋದು ಭಾರತ ಮತ್ತು ನೇಪಾಳದಲ್ಲಿ ಮಾತ್ರ. ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಓಡಾಡುವ ನಾಚಿಕೆಯ ಪ್ರಾಣಿ ಇದು. ಆಸರೆಗೆ ಪೊದೆ ಬೇಕು, ಕುಡಿಯೋಕೆ ಹತ್ತಿರದಲ್ಲೇ ನೀರು ಬೇಕು. ಒಣಗಿದ ಬೇಸಿಗೆಯಲ್ಲಿ ಒಂದು ಕಾಡ್ಗಿಚ್ಚು ಬಿದ್ದರೆ ಪೊದೆಯೂ ಇಲ್ಲ, ಆಸರೆಯೂ ಇಲ್ಲ.

ಇವೆಲ್ಲವನ್ನೂ ಸೇರಿಸೋ ದಾರ ಯಾವುದು ಹೇಳಿ? ನೀರು. ಜಗಳೂರಿನ 57 ಕೆರೆ ತುಂಬಿಸೋ ಯೋಜನೆಗೂ ನೀರು ಎತ್ತೋದು ಹರಿಹರ ತಾಲೂಕಿನ ದೀಟೂರು ಬಳಿ, ಹೊನ್ನಾಳಿ ದಾಟಿ ಬಂದ ಅದೇ ತುಂಗಭದ್ರೆಯಿಂದ. ನೀರು ಕೆಟ್ಟರೆ ಒರತೆ ಹೋಯ್ತು, ಹೊಳೆ ಹೋಯ್ತು, ಕೆರೆ ಹೋಯ್ತು, ಕೊಂಡುಕುರಿಯೂ ಹೋಯ್ತು. ಆಮೇಲೆ ಯಾವ ಪ್ರವಾಸೋದ್ಯಮ?

ಲಕ್ಷದ್ವೀಪದಿಂದ ನಾವು ಕಲಿಯಬೇಕಾದ್ದು ಇಲ್ಲೇ ಇದೆ. ಭಾರತದವರೇ ಆದರೂ ಹೊರಗಿನವರು ಅಲ್ಲಿಗೆ ಪರ್ಮಿಟ್ ಇಲ್ಲದೆ ಕಾಲಿಡೋ ಹಾಗಿಲ್ಲ. ಹವಳ ಮುರಿದು ತರೋ ಹಾಗಿಲ್ಲ. ಇಷ್ಟೇ ನೆಲ, ಇಷ್ಟೇ ಸಿಹಿನೀರು, ಇದಕ್ಕಿಂತ ಭಾರ ಹೊರಲಾರದು ಅಂತ ದ್ವೀಪಕ್ಕೆ ಒಂದು ಮಿತಿ ಇದೆ, ಅದನ್ನು ಎಲ್ಲರೂ ಒಪ್ಪಿಕೊಳ್ತಾರೆ. ನಮ್ಮ ಕೆರೆಗೆ ಮಿತಿ ಇಲ್ವಾ? ಸೂಳೆಕೆರೆಗೆ ವರ್ಷ ವರ್ಷ ಹೂಳು ಬಂದು ಕೂರುತ್ತಿದೆ. ಅಂಚು ಒತ್ತುವರಿಯಾಗಿದೆ, ಗಡಿ ಗುರುತಿಸಿ, ಹೂಳು ತೆಗೀರಿ ಅಂತ ಅಲ್ಲಿನ ಜನ ಕೂಗ್ತಾನೇ ಇದ್ದಾರೆ. ದಾಖಲೆಯ 6,550 ಎಕರೆ ನೆಲದ ಮೇಲೂ 6,550 ಎಕರೆಯಾಗಿಯೇ ಇರಬೇಕು. ಬೋಟು, ರೆಸಾರ್ಟು, ಸೆಲ್ಫಿ ಪಾಯಿಂಟು ಎಲ್ಲ ಆಮೇಲೆ. ಮೊದಲು ಗಡಿಕಲ್ಲು ನೆಡಲಿ.

ಸರ್ಕಾರದ ಕೆಲಸ ಅದು. ನಮ್ಮ ಕೆಲಸವೂ ಒಂದಿದೆ. ಮಳೆ ನಿಂತ ಮೇಲೆ, ದಸರಾ ರಜೆಯಲ್ಲೋ ಸಂಕ್ರಾಂತಿಯ ಹೊತ್ತಿಗೋ ಮಕ್ಕಳನ್ನು ಕರ್ಕೊಂಡು ಹೋಗಿ. ಏರಿ ಮೇಲೆ ನಿಲ್ಲಿಸಿ, ಇಷ್ಟು ಚಿಕ್ಕ ಕಟ್ಟೆ ಅಷ್ಟು ನೀರು ಹಿಡಿದಿರೋದು ಹೇಗೆ ಅಂತ ಅವರನ್ನೇ ಕೇಳಿ. ರಂಗಯ್ಯನದುರ್ಗದಲ್ಲಿ ಬೀಡಿ, ಸಿಗರೇಟು ಹಚ್ಚಬೇಡಿ, ಗದ್ದಲ ಮಾಡಬೇಡಿ. ಕೊಂಡುಕುರಿ ಕಾಣಿಸದಿದ್ದರೂ ಬೇಸರ ಬೇಡ. ಅದು ನಮ್ಮ ಕಣ್ಣಿಗೆ ಬೀಳದೆ ನೆಮ್ಮದಿಯಾಗಿದ್ದರೆ ವನ್ಯಧಾಮ ಸರಿಯಾಗಿದೆ ಅಂತಲೇ ಅರ್ಥ. ತೆಗೆದುಕೊಂಡು ಹೋದ ಪ್ಲಾಸ್ಟಿಕ್ ಅನ್ನು ವಾಪಸ್ ತನ್ನಿ. ದ್ವೀಪಕ್ಕೆ ಹೋದಾಗ ಇರುವ ಭಯಭಕ್ತಿ ಇಲ್ಲಿಯೂ ಇರಲಿ. ದ್ವೀಪದ ನೀರು ನಾವು ಕುಡಿಯಲ್ಲ. ಈ ನೀರನ್ನು ನಾವೇ ಕುಡೀತೀವಿ.