ತಂತಿಯ ಜಾಲವಿರುವ ಮನೆಗೆ ನಿಸ್ತಂತು ರೌಟರು

ಮನೆಯನ್ನು ಕಟ್ಟಿಸುವಾಗಲೇ ಗೋಡೆಗಳೊಳಗೆ ಈಥರ್‌ನೆಟ್ ತಂತಿಯನ್ನು ಎಳೆಯಿಸಿಟ್ಟ ಗೃಹಸ್ಥರು ದೂರದೃಷ್ಟಿಯುಳ್ಳವರೆಂದೇ ಹೇಳಬೇಕು. ತಂತಿಯ ಸಂಪರ್ಕಕ್ಕಿರುವ ಸ್ಥೈರ್ಯವು ಗಾಳಿಯಲ್ಲಿ ಬರುವ ಸಂಪರ್ಕಕ್ಕೆ ಇಲ್ಲ. ಆದರೆ ಕೈಯಲ್ಲಿ ಹಿಡಿದು ತಿರುಗುವ ಫೋನಿಗೆ ಗೋಡೆಯ ತಂತಿಯನ್ನು ಕಟ್ಟಿಡುವುದೆಂತು? ಆದುದರಿಂದ ತಂತಿಯಿರುವ ಮನೆಗೂ ಒಂದು ನಿಸ್ತಂತು ರೌಟರು ಬೇಕಾಗುವುದುಂಟು.

ನಮಗೆ ಅದು ಬೇಕಾದದ್ದು ನಮ್ಮ ತಾಯಿಯವರ ನಿಮಿತ್ತ. ಅವರ ಕೋಣೆಯು ಮಹಡಿಯ ಹಿಂಭಾಗದಲ್ಲಿದೆ. ಮೊಣಕಾಲಿನ ನೋವಿನಿಂದ ಅವರು ಮೆಟ್ಟಿಲಿಳಿಯಲಾರರು. ಪರದೇಶದಲ್ಲಿರುವ ಮೊಮ್ಮಗಳ ಮುಖವನ್ನು ಭಾನುವಾರಕ್ಕೊಮ್ಮೆ ಕಾಣುವುದೇ ಅವರಿಗೆ ಹಬ್ಬ. ನಡುಮನೆಯ ಹಳೆಯ ರೌಟರಾದರೋ ತಂತಿಯ ಮೂಲಕ ಮಾತ್ರವೇ ಕೆಲಸ ಮಾಡತಕ್ಕದ್ದು. ನಾವು ಹೊಸದೊಂದು ನಿಸ್ತಂತು ರೌಟರನ್ನು ತಂದು, ಮಹಡಿಯ ಗೋಡೆಯಲ್ಲಿದ್ದ ತಂತಿಗೆ ಸಿಕ್ಕಿಸಿ, ಕೆಲಸ ಮುಗಿಯಿತೆಂದು ಭಾವಿಸಿದೆವು. ಭಾನುವಾರ ಬಂದಿತು, ಮಹಡಿಯ ಫೋನೂ ಕೆಳಗಿನ ಗಣಕವೂ ಒಟ್ಟಿಗೆ ಮೂಕವಾದವು. ತಾಯಿಯವರು ಏನೂ ಹೇಳಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು.

ಕಾರಣವನ್ನು ಹುಡುಕಿದಾಗ ತಿಳಿದುದಿಷ್ಟು. ಜಾಲಕ್ಕೆ ಸೇರಿದ ಪ್ರತಿಯೊಂದು ಸಾಧನಕ್ಕೂ ಒಂದು ಅಂಕೆಯ ವಿಳಾಸವುಂಟು. ಅದನ್ನು ಹಂಚುವ ಏರ್ಪಾಡಿಗೆ ಡಿಎಚ್‌ಸಿಪಿ ಎಂದು ಹೆಸರು. ಹಳೆಯ ರೌಟರು ವಿಳಾಸಗಳನ್ನು ಹಂಚುತ್ತಿದ್ದಂತೆಯೇ ಹೊಸದೂ ಹಂಚತೊಡಗಿತ್ತು. ಸಾಲದೆಂಬಂತೆ ಎರಡಕ್ಕೂ 192.168.1.1 ಎಂಬ ಒಂದೇ ವಿಳಾಸ! ಒಂದು ಮನೆಗೆ ಇಬ್ಬರು ಯಜಮಾನರಾದರೆ ಆಳುಕಾಳುಗಳು ಯಾರ ಮಾತನ್ನು ಕೇಳಬೇಕು? ಹೊರಗಿನ ದಾರಿಯನ್ನೇ ಅರಿಯದ ಹೊಸ ರೌಟರಿನ ಬಾಗಿಲಿಗೆ ಸಾಧನಗಳು ಹೋಗಿ ನಿಂತಿದ್ದವು.

ನಮ್ಮಂತೆ ತೊಡಕಿಗೆ ಸಿಕ್ಕದಿರಲು ವಾಚಕರು ಹೀಗೆ ಮಾಡಬಹುದು. ಮೊದಲು ಹೊಸ ರೌಟರನ್ನು ಮನೆಯ ಜಾಲಕ್ಕೆ ಸೇರಿಸದೆ, ಒಂದು ಗಣಕಕ್ಕೆ ಮಾತ್ರ ತಂತಿಯಿಂದ ಜೋಡಿಸಿ, ಬ್ರೌಸರಿನಲ್ಲಿ ಅದರ ಸೆಟ್ಟಿಂಗ್ಸ್ ಪುಟವನ್ನು ತೆರೆಯಬೇಕು. ಅಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬ ಆಯ್ಕೆಯಿದ್ದರೆ ಅದನ್ನು ಆರಿಸಿ, ಕೈಪಿಡಿಯಲ್ಲಿ ಹೇಳಿದಂತೆ ಜೋಡಿಸಿದರೆ ಸಾಕು. ಆ ಆಯ್ಕೆಯಿಲ್ಲದಿದ್ದರೆ, ಹೊಸ ರೌಟರಿಗೆ 192.168.1.2 ಎಂಬಂತಹ ಬೇರೊಂದು ವಿಳಾಸವನ್ನು ಕೊಡತಕ್ಕದ್ದು. ಅದು ಹಳೆಯ ರೌಟರು ಹಂಚುವ ವಿಳಾಸಗಳ ಸಾಲಿನಲ್ಲಿ ಇರಕೂಡದು. ಬಳಿಕ ಹೊಸದರ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಗೋಡೆಯ ತಂತಿಯನ್ನು ‘ಲ್ಯಾನ್’ ಎಂದು ಬರೆದಿರುವ ರಂಧ್ರಕ್ಕೆ ಸಿಕ್ಕಿಸಬೇಕು. ‘ವ್ಯಾನ್’ ಎಂಬ ರಂಧ್ರಕ್ಕೆ ಸಿಕ್ಕಿಸಿದರೆ ಮಹಡಿಯದು ಬೇರೊಂದು ಜಾಲವಾಗಿ ಬೇರ್ಪಟ್ಟು, ಕೆಳಗಿನ ಗಣಕಕ್ಕೆ ಮೇಲಿನ ಸಾಧನಗಳು ಎಟುಕದೆ ಹೋಗುವುವು.

ಗುಪ್ತಪದದ ವಿಷಯದಲ್ಲಿ ಉದಾಸೀನ ಕೂಡದು. 2001 ರಲ್ಲಿಯೇ ದುರ್ಬಲವೆಂದು ಸಿದ್ಧವಾದ ಡಬ್ಲ್ಯುಇಪಿ ಎಂಬ ರಕ್ಷಣಾಕ್ರಮವನ್ನು ಬಿಟ್ಟು, 2004 ರ ಡಬ್ಲ್ಯುಪಿಎ2 ಅಥವಾ 2018 ರ ಡಬ್ಲ್ಯುಪಿಎ3 ಕ್ರಮವನ್ನು ಆರಿಸುವುದು ಲೇಸು. ರೌಟರಿನೊಡನೆ ಬಂದ ಆಡಳಿತದ ಗುಪ್ತಪದವನ್ನೂ ಬದಲಾಯಿಸತಕ್ಕದ್ದು. ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಹೊಸ್ತಿಲ ಮೇಲಿಡುವವರುಂಟೆ?

ಇನ್ನು ಇಡುವ ಸ್ಥಳ. 2.4 ಗಿಗಾಹರ್ಟ್ಸ್ ಅಲೆಯು ಸುಮಾರು 12.5 ಸೆಂಟಿಮೀಟರ್ ಉದ್ದದ್ದು. ಗೋಡೆಗಳನ್ನು ದಾಟಿ ದೂರ ಹೋಗಬಲ್ಲದು. ಆದರೆ ನೆರೆಮನೆಗಳ ರೌಟರುಗಳೂ ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ದಾರಿಯನ್ನು ಹಿಡಿಯುವುದರಿಂದ ಅಲ್ಲಿ ನೂಕುನುಗ್ಗಲು ಹೆಚ್ಚು. ಒಂದರ ಮೇಲೊಂದು ಬೀಳದಂತೆ 1, 6, 11 ಎಂಬ ಚಾನೆಲ್‌ಗಳಲ್ಲಿ ಒಂದನ್ನು ಆರಿಸುವುದು ವಾಡಿಕೆ. 5 ಗಿಗಾಹರ್ಟ್ಸ್ ಅಲೆಯ ವೇಗ ಹೆಚ್ಚು, ವ್ಯಾಪ್ತಿ ಕಡಮೆ. ರೌಟರನ್ನು ಕಬ್ಬಿಣದ ಬೀರುವಿನಲ್ಲಾಗಲಿ ದಪ್ಪ ಗೋಡೆಯ ಮೂಲೆಯಲ್ಲಾಗಲಿ ಅಡಗಿಸದೆ, ಎತ್ತರವಾದ ಬಯಲು ಜಾಗದಲ್ಲಿಡಬೇಕು. ತಂತಿಯು 100 ಮೀಟರಿನವರೆಗೂ ಸಲ್ಲುವುದರಿಂದ, ಅಲೆಗಳಿಗೆ ಕಷ್ಟ ಕೊಡುವ ಬದಲು ತಂತಿಯಿಂದಲೇ ರೌಟರನ್ನು ಬೇಕಾದ ಕೋಣೆಗೆ ಒಯ್ಯಬಹುದು. ತಂತಿ ಹಾಕಿಸಿದ ಹಣವು ಸಾರ್ಥಕವಾಗುವುದು ಇಲ್ಲಿಯೇ.

ಮುಂದಿನ ಭಾನುವಾರ ನಾವು ಮೆಟ್ಟಿಲ ಬಳಿ ನಿಂತು ಕಿವಿಗೊಟ್ಟೆವು. ಮೇಲಿನಿಂದ ಮೊಮ್ಮಗಳ ನಗುವೂ, ಅದರ ಹಿಂದೆಯೇ “ಊಟವಾಯಿತೇನೆ?” ಎಂಬ ತಾಯಿಯವರ ದನಿಯೂ ಕೇಳಿಬಂದವು. ಹೊಸದು ಬಂದಿತೆಂದು ಹಳೆಯದನ್ನು ಕಿತ್ತೊಗೆಯಬೇಕಾದುದಿಲ್ಲ. ಯಾರ ಕೆಲಸ ಯಾವುದೆಂಬುದನ್ನು ಗೊತ್ತುಮಾಡಿಕೊಟ್ಟರೆ ಎರಡೂ ಕೂಡಿ ಬಾಳುವುವು.