ಕರೆಂಟ್ ಹೋಗಿ ಬಂದ ಮೇಲೂ ಏಳಬೇಕಾದ ಯಂತ್ರ

ಮನೆಯ ವೈಫೈ ರೌಟರ್‌ಗೆ ಯಾರೂ 'ಶಟ್ ಡೌನ್' ಕೊಡುವುದಿಲ್ಲ. ಪ್ಲಗ್ ಕೀಳುತ್ತಾರೆ, ಇಲ್ಲವೇ ಕರೆಂಟ್ ಹೋಗುತ್ತದೆ. ಲ್ಯಾಪ್‌ಟಾಪ್‌ಗಾದರೆ ಬ್ಯಾಟರಿ ಇದೆ, ಮುಂದೆ ಕೂತು ನೋಡಿಕೊಳ್ಳುವವರಿದ್ದಾರೆ. ರೌಟರ್‌ಗೆ ಎರಡೂ ಇಲ್ಲ. ಆದರೂ ಬಹಳಷ್ಟು ರೌಟರ್‌ಗಳ ಒಳಗೆ ಓಡುವುದು ಸರ್ವರ್‌ಗಳಲ್ಲಿ ಓಡುವ ಅದೇ ಲಿನಕ್ಸ್. ಮಳೆಗಾಲದಲ್ಲಿ ದಿನಕ್ಕೆ ನಾಲ್ಕಾರು ಸಲ ಇದ್ದಕ್ಕಿದ್ದಂತೆ ಆರಿಹೋಗುವ ಈ ಪೆಟ್ಟಿಗೆ ವರ್ಷಗಟ್ಟಲೆ ತೊಂದರೆ ಕೊಡದೆ ಏಳುತ್ತಿದ್ದರೆ, ಅದನ್ನು ಕಟ್ಟಿದವರು ಒಂದು ಪ್ರಶ್ನೆಗೆ ಸರಿಯಾದ ಉತ್ತರ ಆರಿಸಿದ್ದಾರೆ ಎಂದರ್ಥ. ಸಿಸ್ಟಮ್ ಇಮೇಜ್ ಯಾವ ಬಗೆಯದಿರಬೇಕು ಎಂಬುದೇ ಆ ಪ್ರಶ್ನೆ.

ಕರ್ನಲ್, ಲೈಬ್ರರಿಗಳು, ಪ್ರೋಗ್ರಾಂಗಳು, ಆರಂಭದ ಸೆಟ್ಟಿಂಗ್‌ಗಳು, ಎಲ್ಲವನ್ನೂ ಒಟ್ಟು ಸೇರಿಸಿ ಒಂದೇ ಫೈಲಾಗಿ ಮಾಡಿ ಚಿಪ್‌ಗೆ ಇಳಿಸುತ್ತಾರಲ್ಲ, ಅದು ಸಿಸ್ಟಮ್ ಇಮೇಜ್. ಬಿಲ್ಡ್‌ರೂಟ್, ಯಾಕ್ಟೊ, ಓಪನ್‌ಡಬ್ಲ್ಯೂಆರ್‌ಟಿ ಮುಂತಾದ ಸಲಕರಣೆಗಳಲ್ಲಿ ಇಂಥ ವ್ಯವಸ್ಥೆ ಕಟ್ಟುವಾಗ ಒಂದು ಪಟ್ಟಿ ಎದುರಾಗುತ್ತದೆ: ಇಎಕ್ಸ್‌ಟಿ4, ಸ್ಕ್ವಾಶ್‌ಎಫ್‌ಎಸ್, ಯುಬಿಐಎಫ್‌ಎಸ್, ಇನಿಟ್‌ರಾಮ್‌ಎಫ್‌ಎಸ್. ಹೊಸಬರು ಇದನ್ನು ಬರೀ ಪ್ಯಾಕಿಂಗ್ ವಿಚಾರ ಅಂದುಕೊಂಡು, ಪರಿಚಿತ ಹೆಸರಿಗೆ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ. ಯಂತ್ರ ತನ್ನನ್ನು ತಾನು ಎಷ್ಟರ ಮಟ್ಟಿಗೆ ಕೆಡಿಸಿಕೊಳ್ಳಬಹುದು ಎಂಬುದು ನಿಗದಿಯಾಗುವುದು ಇಲ್ಲೇ.

ಓಪನ್‌ಡಬ್ಲ್ಯೂಆರ್‌ಟಿಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 2002ರ ಕೊನೆಯಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ರೌಟರ್‌ನೊಳಗೆ ಲಿನಕ್ಸ್ ಇದೆ ಎಂಬುದನ್ನು ಉತ್ಸಾಹಿಗಳು ಪತ್ತೆ ಹಚ್ಚಿದರು. ಲಿನಕ್ಸ್‌ನ ಲೈಸೆನ್ಸ್ ಪ್ರಕಾರ ಮೂಲ ಕೋಡ್ ಕೊಡಲೇಬೇಕು ಎಂಬ ಒತ್ತಡ ಬಂದು, 2003ರಲ್ಲಿ ಕಂಪನಿ ಅದನ್ನು ಬಿಡುಗಡೆ ಮಾಡಿತು. ಮರುವರ್ಷ, 2004ರಲ್ಲಿ, ಆ ಕೋಡ್‌ನ ಆಧಾರದ ಮೇಲೆ ಓಪನ್‌ಡಬ್ಲ್ಯೂಆರ್‌ಟಿ ಶುರುವಾಯಿತು. ಆ ರೌಟರ್‌ನ ಆರಂಭದ ಮಾದರಿಗಳಲ್ಲಿ ಇದ್ದದ್ದು 4 ಎಂಬಿ ಫ್ಲ್ಯಾಶ್ ಮೆಮೊರಿ. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೊ ಹಿಡಿಸುವಷ್ಟು ಜಾಗ. ಅದರಲ್ಲೇ ಕರ್ನಲ್, ಫೈರ್‌ವಾಲ್, ಸೆಟ್ಟಿಂಗ್ ಬದಲಿಸುವ ವೆಬ್ ಪುಟ ಎಲ್ಲವೂ ಕೂರಬೇಕು.

ಜಾಗದ ಇಕ್ಕಟ್ಟಿಗಿಂತ ದೊಡ್ಡ ತೊಡಕು ಫ್ಲ್ಯಾಶ್‌ನ ಸ್ವಭಾವದಲ್ಲೇ ಇದೆ. ಆ ರೌಟರ್‌ನಲ್ಲಿದ್ದ ನಾರ್ ಬಗೆಯ ಫ್ಲ್ಯಾಶ್‌ನಲ್ಲಿ 1 ಇದ್ದಲ್ಲಿ 0 ಬರೆಯುವುದು ಸುಲಭ. 0 ಆಗಿರುವುದನ್ನು ಮತ್ತೆ 1 ಮಾಡಬೇಕೆಂದರೆ ಆ ಒಂದು ಬಿಟ್ ಮಾತ್ರ ಬದಲಾಗುವುದಿಲ್ಲ. ಅದಿರುವ ಇಡೀ ಬ್ಲಾಕನ್ನೇ ಅಳಿಸಬೇಕು. ಒಂದು ಬ್ಲಾಕ್ ಎಂದರೆ ಸಾಮಾನ್ಯವಾಗಿ 64 ಕೆಬಿ. ಒಂದು ಅಕ್ಷರ ತಿದ್ದುವುದಕ್ಕೆ 64 ಕೆಬಿಯನ್ನು ರಾಮ್‌ಗೆ ಓದಿಕೊಂಡು, ಚಿಪ್‌ನಲ್ಲಿ ಅಳಿಸಿ, ತಿದ್ದಿದ್ದನ್ನು ಮತ್ತೆ ಬರೆಯಬೇಕು. ಅಳಿಸುವ ಕೆಲಸ ನಿಧಾನದ್ದು. ಆ ಹೊತ್ತಿನಲ್ಲಿ ಕರೆಂಟ್ ಹೋಯಿತೆನ್ನಿ: ತಿದ್ದಲು ಹೊರಟ ಅಕ್ಷರದ ಜೊತೆಗೆ, ಅದೇ ಬ್ಲಾಕಿನಲ್ಲಿ ತಮ್ಮ ಪಾಡಿಗೆ ತಾವಿದ್ದ ಬೇರೆ ಫೈಲ್‌ಗಳೂ ಹೋದವು. ಜೊತೆಗೆ ಒಂದೊಂದು ಬ್ಲಾಕನ್ನೂ ಸುಮಾರು ಒಂದು ಲಕ್ಷ ಸಲ ಮಾತ್ರ ಅಳಿಸಬಹುದು. ಲಾಗ್ ಫೈಲನ್ನು ಒಂದೇ ಜಾಗದಲ್ಲಿ ಸೆಕೆಂಡಿಗೊಮ್ಮೆ ತಿದ್ದುತ್ತಾ ಹೋದರೆ ಎರಡು ದಿನ ತುಂಬುವ ಮೊದಲೇ ಆ ಬ್ಲಾಕಿನ ಆಯಸ್ಸು ಮುಗಿಯುತ್ತದೆ.

ಓಪನ್‌ಡಬ್ಲ್ಯೂಆರ್‌ಟಿ ಇದಕ್ಕೆ ಕೊಟ್ಟ ಉತ್ತರ ಎರಡು ಪದರದ್ದು. ಕೆಳಗೆ ಸ್ಕ್ವಾಶ್‌ಎಫ್‌ಎಸ್. ಫಿಲಿಪ್ ಲೌಗರ್ 2002ರಲ್ಲಿ ಹೊರತಂದ ಈ ಫೈಲ್ ಸಿಸ್ಟಮ್ ಓದುವುದಕ್ಕೆ ಮಾತ್ರ. ಫೈಲ್‌ಗಳ ಒಳಗಿರುವುದನ್ನಷ್ಟೇ ಅಲ್ಲ, ಡೈರೆಕ್ಟರಿ ಪಟ್ಟಿಗಳನ್ನೂ ಅದು ಕುಗ್ಗಿಸುತ್ತದೆ. ಚಿಕ್ಕಪುಟ್ಟ ಫೈಲ್‌ಗಳನ್ನು ಒಂದೇ ತುಂಡಿನಲ್ಲಿ ಒತ್ತಿ ತುಂಬುತ್ತದೆ. ತುಂಡು ದೊಡ್ಡದಾದಷ್ಟೂ ಫ್ಲ್ಯಾಶ್‌ನಲ್ಲಿ ಜಾಗ ಉಳಿಯುತ್ತದೆ, ಆದರೆ ಓದುವಾಗ ಇಡೀ ತುಂಡನ್ನು ಬಿಚ್ಚಬೇಕಾದ್ದರಿಂದ ರಾಮ್ ಮತ್ತು ಪ್ರೊಸೆಸರ್ ಮೇಲೆ ಹೊರೆ ಬೀಳುತ್ತದೆ. ಅದರ ಮೇಲೆ, ಉಳಿದ ಜಾಗದಲ್ಲಿ, ಜೆಎಫ್‌ಎಫ್‌ಎಸ್2 ಎಂಬ ಬರೆಯಬಹುದಾದ ತೆಳು ಪದರ. ಇದು ಇದ್ದಲ್ಲೇ ತಿದ್ದುವುದಿಲ್ಲ. ಹೊಸದನ್ನು ಮುಂದಿನ ಖಾಲಿ ಜಾಗದಲ್ಲಿ, ಸರಿಯಿದೆಯೇ ಎಂದು ತಾಳೆ ನೋಡುವ ಅಂಕಿಯೊಂದಿಗೆ ಬರೆಯುತ್ತಾ ಸಾಗುತ್ತದೆ. ಅರ್ಧಕ್ಕೆ ನಿಂತ ಬರಹದ ಅಂಕಿ ತಾಳೆಯಾಗುವುದಿಲ್ಲ, ಮುಂದಿನ ಸಲ ಶುರುವಾದಾಗ ಅದನ್ನು ಬಿಟ್ಟು ಹಳೆಯದನ್ನೇ ಹಿಡಿಯುತ್ತದೆ. ಎರಡೂ ಪದರಗಳನ್ನು ಓವರ್‌ಲೇ ಎಂಬ ವ್ಯವಸ್ಥೆ ಒಂದಾಗಿ ತೋರಿಸುತ್ತದೆ: ಮುದ್ರಿತ ಪುಟದ ಮೇಲೆ ಪಾರದರ್ಶಕ ಹಾಳೆ ಇಟ್ಟು ಅದರ ಮೇಲೆ ತಿದ್ದುಪಡಿ ಬರೆದಂತೆ.

ಇದು ನಡೆಯುವ ಬಗೆಯನ್ನು ಹತ್ತಿರದಿಂದ ನೋಡೋಣ. ಹೊಸ ಇಮೇಜ್ ಇಳಿಸಿದ ರೌಟರ್ ಮೊದಲ ಸಲ ಎದ್ದಾಗ, ಸ್ಕ್ವಾಶ್‌ಎಫ್‌ಎಸ್ ಎಲ್ಲಿ ಮುಗಿಯಿತೋ ಅದರಾಚೆ ನಾಲ್ಕು ಬೈಟ್‌ಗಳ ಒಂದು ಗುರುತು ಕಾಣುತ್ತದೆ. 'ಇಲ್ಲಿಂದ ಮುಂದೆ ಏನೂ ಇಲ್ಲ' ಎಂದು ಅದರ ಅರ್ಥ. ಅಲ್ಲಿಂದ ಮುಂದಿನ ಜಾಗವನ್ನು ಅದು ಜೆಎಫ್‌ಎಫ್‌ಎಸ್2ಗಾಗಿ ಸಿದ್ಧಗೊಳಿಸುತ್ತದೆ. ಅಷ್ಟರವರೆಗೆ ರಾಮ್‌ನಲ್ಲಿ ತಾತ್ಕಾಲಿಕ ಪದರ ಹಾಕಿಕೊಂಡು ಕೆಲಸ ಮಾಡುತ್ತಿರುತ್ತದೆ. ಆಮೇಲೆ ನೀವು ಫೈರ್‌ವಾಲ್‌ನ ಒಂದು ನಿಯಮ ತಿದ್ದಿ ಸೇವ್ ಒತ್ತಿದಿರಿ ಎನ್ನಿ. ಕೆಳಗಿನ ಪದರದ ಫೈಲ್ ಅಲುಗುವುದಿಲ್ಲ. ಅದರ ಪೂರ್ತಿ ಪ್ರತಿ ಮೇಲಿನ ಪದರಕ್ಕೆ ಬಂದು, ತಿದ್ದುಪಡಿ ಅಲ್ಲಿ ಆಗುತ್ತದೆ. ಫೈಲನ್ನು ಅಳಿಸಿದರೂ ಅಷ್ಟೇ: 'ಈ ಹೆಸರಿನದ್ದು ಇಲ್ಲ' ಎಂಬ ಗುರುತು ಮೇಲೆ ಬೀಳುತ್ತದೆ, ಕೆಳಗೆ ಫೈಲ್ ಇದ್ದೇ ಇರುತ್ತದೆ. ಲಾಗ್‌ಗಳು ಮಾತ್ರ ರಾಮ್‌ನಲ್ಲೇ ಹುಟ್ಟಿ ರಾಮ್‌ನಲ್ಲೇ ಮುಗಿಯುತ್ತವೆ, ಫ್ಲ್ಯಾಶ್ ಮುಟ್ಟುವುದಿಲ್ಲ.

ಈ ರಚನೆಯ ಫಲ ಕಾಣುವುದು ಏನಾದರೂ ಕೆಟ್ಟಾಗ. ತಪ್ಪು ಸೆಟ್ಟಿಂಗ್ ಕೊಟ್ಟು ರೌಟರ್ ಕೈಗೆ ಸಿಗದಂತಾದರೆ, ಅದು ಏಳುವ ಹೊತ್ತಿಗೆ ಬಟನ್ ಒತ್ತಿದರೆ ಸಾಕು, ಮೇಲಿನ ಪದರವನ್ನು ಜೋಡಿಸದೆ ಕೆಳಗಿನದನ್ನಷ್ಟೇ ಇಟ್ಟುಕೊಂಡು ಏಳುತ್ತದೆ. ರಿಸೆಟ್ ಬಟನ್ ಹಿಡಿದುಕೊಂಡರೆ ಮೇಲಿನ ಪದರ ಪೂರ್ತಿ ಅಳಿದು ಮೊದಲ ದಿನದ ಸ್ಥಿತಿಗೆ ಬರುತ್ತದೆ. ಹಳ್ಳಿಯ ಶಾಲೆಯ ಮಾಡಿನ ಮೇಲೆ ಕೂರಿಸಿದ ಯಂತ್ರವನ್ನು ಫೋನಿನಲ್ಲಿ ಹೇಳಿಕೊಟ್ಟು ಸರಿಪಡಿಸಲು ಸಾಧ್ಯವಾಗುವುದು ಈ ಬಟನ್‌ನಿಂದ.

ಬೆಲೆಯೂ ಇದೆ. ಒಂದು ಪ್ಯಾಕೇಜ್‌ನ ಹೊಸ ಆವೃತ್ತಿ ಹಾಕಿದರೆ ಹಳೆಯದು ಕೆಳಗೆ ಉಳಿದೇ ಇರುತ್ತದೆ, ಹೊಸದು ಮೇಲಿನ ಚಿಕ್ಕ ಜಾಗವನ್ನು ತಿನ್ನುತ್ತದೆ. ಹತ್ತಾರು ಪ್ಯಾಕೇಜ್‌ಗಳನ್ನು ಹೀಗೆ ನವೀಕರಿಸಲು ಹೋದವರ ರೌಟರ್ ಜಾಗವಿಲ್ಲದೆ ಕೂರುತ್ತದೆ. ಇಂಥ ಯಂತ್ರಗಳಲ್ಲಿ ಬಿಡಿ ಪ್ಯಾಕೇಜ್ ನವೀಕರಿಸಬೇಡಿ. ಬೇಕಾದದ್ದೆಲ್ಲ ಸೇರಿಸಿ ಹೊಸ ಇಮೇಜ್ ಕಟ್ಟಿ, ಇಡಿಯಾಗಿ ಬದಲಿಸಿ.

ಹಾಗಿದ್ದರೆ ಇಎಕ್ಸ್‌ಟಿ4 ಯಾಕೆ ಬೇಕು? ಅಭಿವೃದ್ಧಿಪಡಿಸುವವರ ಮೇಜಿನ ಮೇಲೆ ಅದರಷ್ಟು ಹಿತವಾದದ್ದು ಬೇರೆ ಇಲ್ಲ. ಎಲ್ಲಿ ಬೇಕಾದರೂ ಬರೆಯಬಹುದು, ವಿಭಾಗದ ಗಾತ್ರ ಹಿಗ್ಗಿಸಬಹುದು, ಪ್ಯಾಕೇಜ್ ಬದಲಿಸಿದರೆ ಹಳೆಯದರ ಜಾಗ ವಾಪಸ್ ಸಿಗುತ್ತದೆ. ಎಸ್‌ಎಸ್‌ಡಿ ಇರುವ ಹಳೆಯ ಪಿಸಿಯನ್ನು ರೌಟರ್ ಮಾಡಿಕೊಂಡು, ಯುಪಿಎಸ್ ಹಾಕಿ, ಪಕ್ಕದಲ್ಲೇ ಕೂರುವವರಿಗೆ ಅದೇ ಸರಿ. ಆದರೆ ಅದೇ ಇಮೇಜನ್ನು ಮೇಜಿನಿಂದ ಎತ್ತಿ ಸಾವಿರ ಯಂತ್ರಗಳಿಗೆ ತುಂಬಿ ಊರೂರಿಗೆ ಕಳಿಸುವ ಅಭ್ಯಾಸವನ್ನು ನಾನು ಒಪ್ಪಲಾರೆ. ಇಎಕ್ಸ್‌ಟಿ4ಗೆ ಜರ್ನಲ್, ಅಂದರೆ ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಡುವ ದಾಖಲೆ, ಇದೆಯಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಸಾಮಾನ್ಯ ಬಳಕೆಯಲ್ಲಿ ಜರ್ನಲ್ ಕಾಯುವುದು ಫೈಲ್ ಸಿಸ್ಟಮ್‌ನ ಚೌಕಟ್ಟನ್ನು. ಪ್ರೋಗ್ರಾಂ ಬರೆದ ಡೇಟಾ ಅರ್ಧ ನಿಮಿಷದಷ್ಟು ಹೊತ್ತು ರಾಮ್‌ನಲ್ಲೇ ಕಾಯುತ್ತಿರಬಹುದು. ಆ ನಡುವೆ ಕರೆಂಟ್ ಹೋದರೆ ಚೌಕಟ್ಟು ಗಟ್ಟಿಯಾಗಿದ್ದು, ಸೆಟ್ಟಿಂಗ್ ಫೈಲ್ ಸೊನ್ನೆ ಬೈಟ್ ಆಗಿ ಸಿಗುವುದುಂಟು. ಎಲ್ಲ ಪ್ರೋಗ್ರಾಂಗಳೂ ಡೇಟಾವನ್ನು ಡಿಸ್ಕ್‌ಗೆ ತಲುಪಿಸುವ ಆದೇಶವನ್ನು ಶಿಸ್ತಿನಿಂದ ಕೊಟ್ಟರೆ ಹೀಗಾಗದು, ಎಲ್ಲವೂ ಕೊಡುವುದಿಲ್ಲ.

ರಾಸ್ಪ್‌ಬೆರಿ ಪೈನಂಥ ಬೋರ್ಡ್‌ಗಳ ಎಸ್‌ಡಿ ಕಾರ್ಡ್‌ನಲ್ಲಿ ಇನ್ನೊಂದು ಅಪಾಯ ಅಡಗಿದೆ. ಕಾರ್ಡ್‌ನೊಳಗಿನ ಕಂಟ್ರೋಲರ್, ಸವೆತವನ್ನು ಹಂಚಲು, ನಮಗೆ ಹೇಳದೆ ಡೇಟಾವನ್ನು ಬ್ಲಾಕಿನಿಂದ ಬ್ಲಾಕಿಗೆ ಸಾಗಿಸುತ್ತಿರುತ್ತದೆ. ಸಾಗಿಸುವಾಗ ವಿದ್ಯುತ್ ಕಡಿದರೆ ನಾವು ಮುಟ್ಟದ ಫೈಲ್‌ಗಳೂ ಹಾಳಾಗಬಹುದು. ಮೂಲ ಪದರ ಓದಲು ಮಾತ್ರ ಇದ್ದು, ಅದೇ ಕಾರ್ಡ್‌ನ ಇನ್ನೊಂದು ವಿಭಾಗಕ್ಕೆ ಸದಾ ಬರೆಯುತ್ತಿದ್ದರೆ ರಕ್ಷಣೆ ಅರ್ಧವೇ. ಬರೆಯುವುದನ್ನು ಕಡಿಮೆ ಮಾಡುವುದು, ಸಾಧ್ಯವಾದರೆ ಬರೆಯುವ ಜಾಗವನ್ನು ಬೇರೆ ಚಿಪ್‌ಗೆ ಸಾಗಿಸುವುದು, ಇವೆರಡೇ ದಾರಿ.

ಫೈಲ್ ಸಿಸ್ಟಮ್ ಏಳುವ ದಾರಿಗೇ ಅಡ್ಡ ನಿಂತರೆ ಏನಾಗುತ್ತದೆ ಎಂಬುದನ್ನು ಮಂಗಳ ಗ್ರಹದಲ್ಲಿ ನಾಸಾ ಅನುಭವಿಸಿದೆ. 2004ರ ಜನವರಿಯಲ್ಲಿ ಇಳಿದ ಸ್ಪಿರಿಟ್ ರೋವರ್, 18ನೇ ಮಂಗಳ ದಿನದಂದು ಸರಿಯಾಗಿ ಮಾತಾಡುವುದನ್ನು ನಿಲ್ಲಿಸಿತು. ಅದರಲ್ಲಿ 128 ಎಂಬಿ ರಾಮ್, 256 ಎಂಬಿ ಫ್ಲ್ಯಾಶ್ ಇದ್ದವು. ಫ್ಲ್ಯಾಶ್‌ನ ಡೈರೆಕ್ಟರಿ ವಿವರಗಳನ್ನು ರಾಮ್‌ನಲ್ಲಿ ಇಟ್ಟುಕೊಳ್ಳುವ ಫೈಲ್ ಸಿಸ್ಟಮ್ ಅದು. ಪಯಣದುದ್ದಕ್ಕೂ ಸೇರಿದ ಫೈಲ್‌ಗಳಿಂದ ಆ ಪಟ್ಟಿ ಬೆಳೆದಿತ್ತು; ಫೈಲ್ ಅಳಿಸಿದರೂ ಪಟ್ಟಿ ಕುಗ್ಗುತ್ತಿರಲಿಲ್ಲ. ಕೊನೆಗೆ ರಾಮ್ ಸಾಲದಾಯಿತು, ಕಂಪ್ಯೂಟರ್ ರೀಬೂಟ್ ಆಯಿತು. ಎದ್ದ ಕೂಡಲೇ ಮತ್ತದೇ ಫ್ಲ್ಯಾಶನ್ನು ಜೋಡಿಸಲು ಹೋಗಿ ಮತ್ತೆ ಬಿತ್ತು. ಹೀಗೆ 60ಕ್ಕೂ ಹೆಚ್ಚು ಸಲ. ರಾತ್ರಿ ಮಲಗಬೇಕಾದ ಯಂತ್ರ ಎಚ್ಚರವಿದ್ದು ಬ್ಯಾಟರಿ ಬರಿದು ಮಾಡಿಕೊಳ್ಳತೊಡಗಿತು. ಅದನ್ನು ಉಳಿಸಿದ್ದು ಎಂಜಿನಿಯರ್‌ಗಳು ಮೊದಲೇ ಇಟ್ಟಿದ್ದ ಒಂದು ಆದೇಶ: ಫ್ಲ್ಯಾಶ್ ಮುಟ್ಟಬೇಡ, ಅದರ ಬದಲಿಗೆ ರಾಮ್‌ನಲ್ಲೇ ಫೈಲ್ ಸಿಸ್ಟಮ್ ಮಾಡಿಕೊಂಡು ಏಳು. ಎದ್ದಿತು. ಫೆಬ್ರವರಿಯಲ್ಲಿ ಫ್ಲ್ಯಾಶನ್ನು ಫಾರ್ಮ್ಯಾಟ್ ಮಾಡಿದರು. 90 ದಿನಕ್ಕೆಂದು ಹೋಗಿದ್ದ ಸ್ಪಿರಿಟ್ 2010ರ ಮಾರ್ಚ್‌ವರೆಗೆ ಸಂಪರ್ಕದಲ್ಲಿತ್ತು.

ಇಮೇಜ್ ಬಗೆಗಳ ಪಟ್ಟಿಯಲ್ಲಿದ್ದ ಇನಿಟ್‌ರಾಮ್‌ಎಫ್‌ಎಸ್ ಕೂಡ ರಾಮ್‌ನಲ್ಲೇ ಏಳುವ ಇದೇ ಜಾತಿಯದು. ಕರ್ನಲ್ ಜೊತೆಗೇ ಇಡೀ ಸಿಸ್ಟಮ್ ರಾಮ್‌ಗೆ ಬಿಚ್ಚಿಕೊಳ್ಳುತ್ತದೆ, ಫ್ಲ್ಯಾಶ್ ಕೆಟ್ಟಿದ್ದರೂ ಅದಕ್ಕೆ ಲೆಕ್ಕವಿಲ್ಲ. ರೀಬೂಟ್ ಆದರೆ ಮಾಡಿದ ಬದಲಾವಣೆಯೆಲ್ಲ ಹೋಯಿತು. ದಿನನಿತ್ಯದ ಬಳಕೆಗೆ ಇದು ರಾಮ್ ತಿನ್ನುವ ಬಗೆ. ಸತ್ತ ಯಂತ್ರವನ್ನು ನೆಟ್‌ವರ್ಕ್ ಮೂಲಕ ಎಬ್ಬಿಸಿ ಹೊಸ ಇಮೇಜ್ ಹಾಕಲು ಇದರಂಥದ್ದಿಲ್ಲ. ಹೊಸ ಬೋರ್ಡ್‌ಗೆ ಸಿಸ್ಟಮ್ ಕಟ್ಟುವವರು ಮೊದಲು ಇದನ್ನೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಯುಬಿಐಎಫ್‌ಎಸ್ ಬೇಕಾಗುವುದು ನ್ಯಾಂಡ್ ಬಗೆಯ ದೊಡ್ಡ ಫ್ಲ್ಯಾಶ್ ಇದ್ದಾಗ. ಕಾರ್ಖಾನೆಯಿಂದಲೇ ಒಂದಷ್ಟು ಕೆಟ್ಟ ಬ್ಲಾಕ್‌ಗಳೊಂದಿಗೆ ಬರುವ ಆ ಚಿಪ್‌ಗಳಲ್ಲಿ, ಅವನ್ನು ದಾಟಿಕೊಂಡು ಹೋಗುವ ಯುಬಿಐ ಎಂಬ ಪದರ ಕೆಳಗಿರಬೇಕು.

ಓದಲು ಮಾತ್ರದ ಇಮೇಜ್‌ಗೆ ಇನ್ನೊಂದು ಗುಣವಿದೆ: ಎಲ್ಲ ಯಂತ್ರಗಳಲ್ಲೂ ಅದು ಬೈಟ್‌ಗೆ ಬೈಟ್ ಒಂದೇ. ಹಾಗಾಗಿ ಅದಕ್ಕೆ ಸಹಿ ಹಾಕಿ, ಪ್ರತಿ ತುಂಡನ್ನೂ ಓದುವಾಗಲೇ ತಾಳೆ ನೋಡಬಹುದು. ಆಂಡ್ರಾಯ್ಡ್ ಈ ತಪಾಸಣೆಯನ್ನು 2013ರ 4.4ನೇ ಆವೃತ್ತಿಯಲ್ಲಿ ತಂದಿತು. 2016ರ 7ನೇ ಆವೃತ್ತಿಯಲ್ಲಿ ಎರಡು ಪ್ರತಿಗಳ ಪದ್ಧತಿ ಬಂತು: ಒಂದರಲ್ಲಿ ಫೋನ್ ಓಡುತ್ತಿರುವಾಗ ಹೊಸದನ್ನು ಇನ್ನೊಂದಕ್ಕೆ ಬರೆದು, ರೀಬೂಟ್‌ನಲ್ಲಿ ಅದಕ್ಕೆ ಹೊರಳುವುದು, ಅದು ಏಳದಿದ್ದರೆ ಹಳೆಯದಕ್ಕೆ ಮರಳುವುದು. ಇದಕ್ಕೆ ಬಹುಪಾಲು ದುಪ್ಪಟ್ಟು ಜಾಗ ಬೇಕು. 4 ಎಂಬಿ ಕಾಲದಲ್ಲಿ ಯೋಚಿಸಲೂ ಆಗದ ಮಾತು. ಇಂದಿನ ಬೋರ್ಡ್‌ಗಳಲ್ಲಿ ಸಲೀಸು.

ತೋಟದ ಪಂಪ್ ನಿಯಂತ್ರಿಸುವ, ಮಣ್ಣಿನ ತೇವ ದಾಖಲಿಸುವ ಪೆಟ್ಟಿಗೆಯೊಂದನ್ನು ಇಂದು ಕಟ್ಟುವವರಿಗೆ ನಾನು ಹೇಳುವುದಿಷ್ಟು. ಸಿಸ್ಟಮ್ ಸ್ಕ್ವಾಶ್‌ಎಫ್‌ಎಸ್‌ನಲ್ಲಿರಲಿ, ಅದರ ಎರಡು ಪ್ರತಿಗಳಿರಲಿ. ಸೆಟ್ಟಿಂಗ್‌ಗಳಿಗೆ ಚಿಕ್ಕ ಓವರ್‌ಲೇ ಕೊಡಿ. ತೇವದ ದಾಖಲೆಗೆ ಪ್ರತ್ಯೇಕ ವಿಭಾಗ ಕೊಟ್ಟು, ಅಳತೆಗಳನ್ನು ರಾಮ್‌ನಲ್ಲಿ ಕೂಡಿಟ್ಟು ಹದಿನೈದು ನಿಮಿಷಕ್ಕೊಮ್ಮೆ ಒಟ್ಟಿಗೆ ಬರೆಯಿರಿ. ಕರೆಂಟ್ ಹೋದರೆ ಕಳೆಯುವುದು ಹೆಚ್ಚೆಂದರೆ ಅಷ್ಟು ಹೊತ್ತಿನ ಅಳತೆ. ಆ ವಿಭಾಗ ಪೂರ್ತಿ ಕೆಟ್ಟುಹೋದರೂ ಪಂಪ್ ನಡೆಸುವ ಪ್ರೋಗ್ರಾಂ ಅದಕ್ಕಾಗಿ ಕಾಯದೆ ಶುರುವಾಗಬೇಕು. ಇಮೇಜ್ ಸಿದ್ಧವಾದ ಮೇಲೆ ಟೈಮರ್ ಸ್ವಿಚ್‌ಗೆ ಜೋಡಿಸಿ, ಡೇಟಾ ಬರೆಯುತ್ತಿರುವಾಗಲೇ ನೂರಾರು ಸಲ ವಿದ್ಯುತ್ ಕಡಿದು ನೋಡಿ. ಒಂದು ಸಲವೂ ತಪ್ಪದೆ ಎದ್ದರೆ ಮಾತ್ರ ತೋಟಕ್ಕೆ ಕಳಿಸಿ.