ಗೋಡೆಗೆ ಯಾವ ಪಾಚಿ?

ಕನ್ನಡದಲ್ಲಿ ಒಂದು ತೊಂದರೆ ಇದೆ. ನೀರಿನ ಡ್ರಮ್ಮಿನ ಒಳಗೆ ಕಟ್ಟುವ ಹಸಿರು ಲೋಳೆಯೂ ಪಾಚಿ, ಮಳೆಗಾಲದಲ್ಲಿ ಕಾಂಪೌಂಡ್ ಗೋಡೆ ಮೇಲೆ ಮಖಮಲ್ಲಿನ ಹಾಗೆ ಹಬ್ಬುವುದೂ ಪಾಚಿ. ಮೊದಲನೆಯದು ಆಲ್ಗೆ, ಎರಡನೆಯದು ಮಾಸ್. "ಅಕ್ವೇರಿಯಂಗೆ ಪಾಚಿ ತರ್ಬೇಕು, ದುಡ್ಡು ಹಾಕಜ್ಜಿ" ಅಂತ ನಮ್ಮಲ್ಲೊಬ್ಬ ಊರಿಗೆ ಫೋನ್ ಮಾಡಿದಾಗ ಅವನ ಅಜ್ಜಿ ನಕ್ಕುಬಿಟ್ಟರು. "ನಮ್ಮ ಬಾವಿಕಟ್ಟೆ ಉಜ್ಜೋಕೆ ಬಾರೋ, ಪುಕ್ಕಟೆ ಸಿಗುತ್ತೆ."

ಬಾವಿಕಟ್ಟೆಯದ್ದು ಯಾಕಾಗಲ್ಲ ಅಂತ ಮೊದಲೇ ಹೇಳಿಬಿಡ್ತೀವಿ. ನೆಲದ ಮೇಲೆ, ಗಾಳಿಯಲ್ಲಿ ಬೆಳೆದು ಅಭ್ಯಾಸವಾದ ಬಹುತೇಕ ಮಾಸ್‌ಗಳನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿದರೆ ಕೆಲವೇ ವಾರದಲ್ಲಿ ಕೊಳೆಯುತ್ತವೆ. ಟ್ರೆಕ್ಕಿಂಗ್ ಹೋದಾಗ ಬಂಡೆಯಿಂದ ಕಿತ್ತು ತರುವವರಿಗೂ ಇದೇ ಉತ್ತರ: ಅಲ್ಲೂ ಹಾಳು, ಇಲ್ಲೂ ಹಾಳು. ಅಂಗಡಿಯಲ್ಲಿ ಸಿಗುವ ಆರೇಳು ಜಾತಿಗಳು ನೀರೊಳಗೆ ಬದುಕುತ್ತವೆ ಅಂತ ಗೊತ್ತಿರುವಂಥವು. ಅವುಗಳಲ್ಲಿ ಟ್ಯಾಂಕಿನ ಹಿಂಬದಿ ಗಾಜಿಗೆ ಹಸಿರು ಗೋಡೆ ಕಟ್ಟೋಕೆ ಯಾವುದು ಸರಿ ಅನ್ನೋದು ಈ ಬರಹದ ವಿಷಯ.

ನಮ್ಮ ಮೊದಲ ಗೋಡೆ ಬಿದ್ದುಹೋಯಿತು. ಕಾರಿಡಾರಿನ ಎರಡಡಿ ಟ್ಯಾಂಕಿಗೆ ಎರಡು ಮೆಶ್ ತುಂಡುಗಳ ನಡುವೆ ಜಾವಾ ಮಾಸ್ ಹರಡಿ, ಹೊಲಿದು, ರಬ್ಬರ್ ಸಕ್ಷನ್ ಕಪ್ಪಿನಲ್ಲಿ ಗಾಜಿಗೆ ಅಂಟಿಸಿದ್ದೆವು. ಮೂರು ತಿಂಗಳಿಗೆ ಎಷ್ಟು ಚೆನ್ನಾಗಿ ಬಂತು ಅಂದ್ರೆ, ಪಕ್ಕದ ಬ್ರಾಂಚಿನವರು ಸೆಲ್ಫಿಗೆ ಬರೋರು. ಸೆಮ್ ರಜೆ ಮುಗಿಸಿ ವಾಪಸ್ ಬಂದಾಗ ಅರ್ಧಕ್ಕರ್ಧ ಹಸಿರು ಹೊದಿಕೆ ಕಂಬಳಿ ಸುಲಿದ ಹಾಗೆ ಸುಲಿದು ಮುಂದಕ್ಕೆ ಬಾಗಿತ್ತು. ಹಿಂದೆ ಕಂದು ಬಣ್ಣದ ಗೊಬ್ಬರ, ಕೊಳೆತ ವಾಸನೆ. ಆ ಕೊಳೆತದ್ದು ನೀರನ್ನೂ ಕೆಡಿಸಿ ಹನ್ನೊಂದು ಸೀಗಡಿ ಸತ್ತಿದ್ದವು. ಯಾರೂ ಏನೂ ತಪ್ಪು ಮಾಡಿರಲಿಲ್ಲ, ಫಿಲ್ಟರ್ ಓಡ್ತಿತ್ತು, ಲೈಟು ಟೈಮರ್‌ನಲ್ಲಿತ್ತು. ಮಾಸ್ ಚೆನ್ನಾಗಿ ಬೆಳೆದದ್ದೇ ಸಮಸ್ಯೆ.

ಹೇಗೆ ಅಂತ ನೋಡಿ. ಮಾಸ್‌ಗೆ ನಿಜವಾದ ಬೇರಿಲ್ಲ. ರೈಜಾಯ್ಡ್ ಅನ್ನೋ ನೂಲೆಳೆಗಳಿವೆ, ಅವುಗಳ ಮುಖ್ಯ ಕೆಲಸ ಹಿಡಿದುಕೊಳ್ಳುವುದು. ಎಲೆಗಳು ಹೆಚ್ಚಾಗಿ ಒಂದೇ ಕೋಶದಷ್ಟು ದಪ್ಪ, ಗೊಬ್ಬರ, ಇಂಗಾಲದ ಡೈಆಕ್ಸೈಡ್ ಎಲ್ಲವನ್ನೂ ಎಲೆಯೇ ನೀರಿನಿಂದ ನೇರವಾಗಿ ಹೀರಬೇಕು. ಆದರೆ ಈ ಅನಿಲ ಗಾಳಿಗಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಹಾಗಾಗಿ ನೀರು ಅಲ್ಲಾಡುತ್ತಲೇ ಇರಬೇಕು. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಬೌಂಡರಿ ಲೇಯರ್ ನೆನಪಿರಬಹುದು, ಇಂಟರ್ನಲ್ಸ್ ಮುಗಿದ ಮೇಲೆ ಮರೆತವರೂ ಇರಬಹುದು. ಹೊದಿಕೆ ದಪ್ಪವಾದಂತೆ ಒಳಪದರದ ನೀರು ನಿಂತೇ ಬಿಡುತ್ತೆ, ಬೆಳಕೂ ಅಲ್ಲಿಗೆ ಹೋಗಲ್ಲ. ಒಳಗಿನ ಎಳೆಗಳು ಸಾಯುತ್ತವೆ. ಮೆಶ್ಶನ್ನು ಹಿಡಿದುಕೊಂಡಿರುವವರು ಅವರೇ! ಹೊರಪದರ ಮಾತ್ರ ಖುಷಿಯಾಗಿ ಆಮ್ಲಜನಕದ ಗುಳ್ಳೆ ಬಿಡ್ತಾ ಇರುತ್ತೆ, ಆ ಗುಳ್ಳೆ ಒಳಗೇ ಸಿಕ್ಕಿಕೊಂಡು ಇಡೀ ಹೊದಿಕೆಯನ್ನು ಮೇಲಕ್ಕೆ ಎಳೆಯುತ್ತೆ. ಮಿಕ್ಕಿದ್ದು ಆರ್ಕಿಮಿಡೀಸ್ ನೋಡಿಕೊಳ್ಳುತ್ತಾನೆ.

ಆದ್ದರಿಂದ ಮಾಸ್ ಆರಿಸುವಾಗ ಫೋಟೋದಲ್ಲಿ ಹೇಗೆ ಕಾಣುತ್ತೆ ಅನ್ನೋದಕ್ಕಿಂತ ಅದು ಯಾವ ದಿಕ್ಕಿಗೆ ಬೆಳೆಯುತ್ತೆ, ಎಷ್ಟು ಬೇಗ ದಪ್ಪವಾಗುತ್ತೆ, ಎಷ್ಟು ಗಟ್ಟಿಯಾಗಿ ಹಿಡಿಯುತ್ತೆ ಅಂತ ಕೇಳಬೇಕು.

ಜಾವಾ ಮಾಸ್ ಗಟ್ಟಿಪಿಂಡ. ಕಡಿಮೆ ಬೆಳಕು, ಗಡಸು ನೀರು, 30 ಡಿಗ್ರಿ ಸೆಖೆ, ಎಲ್ಲ ತಡೆಯುತ್ತೆ. ಬೆಲೆಯೂ ಕಮ್ಮಿ. ಆದರೆ ದಿಕ್ಕು ದೆಸೆ ಇಲ್ಲದೆ ಬೆಳೆದು ಬಾಚದ ತಲೆಯ ಹಾಗಾಗುತ್ತೆ, ಬೇಗ ದಪ್ಪವಾಗುತ್ತೆ. ಎರಡು ವಾರಕ್ಕೊಮ್ಮೆ ಕತ್ತರಿ ಹಿಡಿಯುವವರಿಗೆ ಮಾತ್ರ ಇದರ ಗೋಡೆ.

ಕ್ರಿಸ್ಮಸ್ ಮಾಸ್‌ಗೆ ನಮ್ಮ ಓಟು. ಇದರ ಕೊಂಬೆಗಳು ತ್ರಿಕೋನಾಕಾರ, ತುದಿ ಸ್ವಲ್ಪ ಕೆಳಕ್ಕೆ ಬಾಗುತ್ತೆ. ಗೋಡೆಗೆ ಹಾಕಿದರೆ ಮಂಗಳೂರು ಹೆಂಚು ಹೊದಿಸಿದಂತೆ ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಒರಗುತ್ತೆ. ಮೆಶ್ ಮುಚ್ಚುತ್ತೆ, ಆದರೂ ಗುಡ್ಡೆಯಾಗುವುದು ನಿಧಾನ, ಹಿಡಿತವೂ ಜಾವಾಗಿಂತ ಚೆನ್ನಾಗಿದೆ. ತಾಪಮಾನದ ವಿಷಯದಲ್ಲಿ ಮಾತ್ರ ಸ್ವಲ್ಪ ನಾಜೂಕು, ನೀರು 28 ಡಿಗ್ರಿ ದಾಟಿ ಅಲ್ಲೇ ನಿಂತರೆ ಮಂಕಾಗುತ್ತೆ. ಬೆಂಗಳೂರು, ಮೈಸೂರಿನಲ್ಲಿ ನಡೆಯುತ್ತೆ. ರಾಯಚೂರು, ಕಲಬುರಗಿ ಕಡೆ ಮನೆಯಲ್ಲಿ ಟ್ಯಾಂಕ್ ಇಡುವ ಗೆಳೆಯರು ಬೇಸಿಗೆ ನೆನೆಸಿಕೊಂಡು ಜಾವಾಗೇ ಹೋಗುವುದು ಕ್ಷೇಮ. ತೈವಾನ್ ಮಾಸ್ ಹೆಚ್ಚುಕಮ್ಮಿ ಇದೇ ಥರದ್ದು.

ವೀಪಿಂಗ್ ಮಾಸ್ ಹೆಸರಿಗೆ ತಕ್ಕಂತೆ ಇಳಿಬಿದ್ದು ಅಳುತ್ತಾ ಬೆಳೆಯುತ್ತೆ, ನೋಡೋಕೆ ಎಲ್ಲಕ್ಕಿಂತ ಚೆಂದ. ಹಿಡಿತ ಮಾತ್ರ ಬಡವ. ಫ್ಲೇಮ್ ಮಾಸ್ ಬೆಂಕಿ ನಾಲಿಗೆಯಂತೆ ತಿರುಚಿಕೊಂಡು ನೆಟ್ಟಗೆ ಮೇಲಕ್ಕೆ ಹೋಗುತ್ತೆ. ನೆಲದ ಕಲ್ಲಿನ ಮೇಲೆ ಹೀರೋ, ಗೋಡೆ ಮೇಲೆ ಹಾಕಿದರೆ ಗೋಡೆಗಂಟಿಕೊಂಡೇ ಏರಿ ಮಧ್ಯೆ ಮೆಶ್ ಇಣುಕುತ್ತೆ. ಫಿಸಿಡೆನ್ಸ್ ಅನ್ನೋ ಗರಿಯಂಥದ್ದು ಚೆನ್ನಾಗಿ ಕಚ್ಚಿಕೊಳ್ಳುತ್ತೆ, ದಟ್ಟವಾಗಿರುತ್ತೆ. ಆದರೆ ಎಷ್ಟು ನಿಧಾನ ಅಂದ್ರೆ ಗೋಡೆ ತುಂಬುವಷ್ಟರಲ್ಲಿ ನಿಮ್ಮ ಪ್ಲೇಸ್‌ಮೆಂಟ್ ಮುಗಿದಿರುತ್ತೆ, ಜೇಬಿಗೂ ಭಾರ. ರಿಕ್ಸಿಯಾ ಬೇಡವೇ ಬೇಡ, ಅದು ತೇಲುವ ಗಿಡ. ಜಪಾನಿನ ತಕಾಶಿ ಅಮಾನೋ ಅದನ್ನು ಕಲ್ಲಿಗೆ ಕಟ್ಟಿ ಮುಳುಗಿಸಿ ಹುಲ್ಲುಗಾವಲಿನಂತೆ ಮಾಡಿ ಪ್ರಸಿದ್ಧಗೊಳಿಸಿದರು ನಿಜ, ಆದರೆ ಕಟ್ಟು ಸಡಿಲವಾದ ಕೂಡಲೇ ಮೇಲಕ್ಕೆ ಬರುತ್ತೆ.

ಎರಡು ಜಾತಿ ಬೆರೆಸಬೇಡಿ. ಸ್ವಲ್ಪ ಜಾವಾ ಸೇರಿದರೂ ಆರು ತಿಂಗಳಲ್ಲಿ ಎಲ್ಲ ಜಾವಾ.

ಇನ್ನು ಅಂಗಡಿಯ ಚೀಟಿ ನಂಬೋ ಹಾಗಿಲ್ಲ. ಇದು ಬರೀ ಅಂಗಡಿಯವರ ತಪ್ಪೂ ಅಲ್ಲ. ಜಾವಾ ಮಾಸನ್ನು ವರ್ಷಗಟ್ಟಲೆ ವೆಸಿಕ್ಯುಲೇರಿಯಾ ಡುಬಿಯಾನಾ ಅಂತ ಮಾರಿದರು, ಆಮೇಲೆ ನೋಡಿದರೆ ಅದು ಟ್ಯಾಕ್ಸಿಫಿಲಮ್ ಬಾರ್ಬಿಯೇರಿ, ಡುಬಿಯಾನಾ ಅನ್ನೋದು ಸಿಂಗಪುರ ಮಾಸ್. ಅದೂ ಅಲ್ಲದೆ ಮಬ್ಬು ಬೆಳಕಿನಲ್ಲಿ ಬೆಳೆದ ಕ್ರಿಸ್ಮಸ್ ಮಾಸ್ ತನ್ನ ತ್ರಿಕೋನ ಕಳೆದುಕೊಂಡು ಜಾವಾ ಥರಾನೇ ಕಾಣುತ್ತೆ. ಒಂದು ಎಳೆಯನ್ನು ನೀರಿನ ತಟ್ಟೆಯಲ್ಲಿ ತೇಲಿಸಿ ಫೋನಿನ ಮ್ಯಾಕ್ರೋದಲ್ಲಿ ನೋಡಿ: ಪಕ್ಕದ ಕೊಂಬೆಗಳು ಸಮ ಅಂತರದಲ್ಲಿ, ತುದಿಗೆ ಹೋದಂತೆ ಗಿಡ್ಡವಾಗುತ್ತಾ ಹೋದರೆ ಕ್ರಿಸ್ಮಸ್. ಅನುಮಾನ ಇದ್ದರೆ ಒಂದೇ ಕಪ್ ತಂದು ಒಂದೂವರೆ ತಿಂಗಳು ಒಳ್ಳೆ ಬೆಳಕಿನಲ್ಲಿ ಬೇರೆ ಡಬ್ಬಿಯಲ್ಲಿ ಬೆಳೆಸಿ. ಅಷ್ಟರಲ್ಲಿ ಕೂದಲಿನಂಥ ಆಲ್ಗೆ ಇದ್ದರೂ ಗೊತ್ತಾಗುತ್ತೆ. ಅದು ಗೋಡೆಗೆ ಹೊಕ್ಕರೆ ಬಿಡಿಸೋಕೆ ಆಗಲ್ಲ, ಒಂದು ಪಾಚಿಯಿಂದ ಇನ್ನೊಂದು ಪಾಚಿ ಹೆಕ್ಕುತ್ತಾ ಕೂರಬೇಕು.

ಬೆಳಕಿನ ಲೆಕ್ಕ ಒಂದು ಮಾಡಿದೆವು. ಲೈಟನ್ನು ಗೋಡೆಯ ನೆತ್ತಿಯ ಮೇಲೇ ಇಟ್ಟರೆ ಬೆಳಕು ಗೋಡೆಯನ್ನು ಸವರಿಕೊಂಡು ಹೋಗುತ್ತೆ, ಬೀಳಲ್ಲ. 15 ಸೆಂಟಿಮೀಟರ್ ಮುಂದಕ್ಕೆ ಇಟ್ಟೆವು ಅಂದುಕೊಳ್ಳಿ. ಲೈಟನ್ನು ಎಲ್ಲ ದಿಕ್ಕಿಗೂ ಸಮನಾಗಿ ಬೀರುವ ಉದ್ದನೆಯ ರೇಖೆ ಅಂತ ಹಿಡಿದರೆ, 10 ಸೆಂಟಿಮೀಟರ್ ಕೆಳಗಿನ ಜಾಗಕ್ಕೆ ಬೀಳುವುದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ 30 ಸೆಂಟಿಮೀಟರ್ ಕೆಳಗೆ ಬೀಳುತ್ತೆ. ಲೆಕ್ಕ ಒರಟು, ಆದರೆ ನಮ್ಮ ಗೋಡೆ ಮೇಲೆ ಯಾಕೆ ದಪ್ಪ, ಕೆಳಗೆ ಯಾಕೆ ಬೋಳು ಅಂತ ಉತ್ತರ ಸಿಕ್ಕಿತು. ಎರಡನೇ ಗೋಡೆಯ ಬುಡವನ್ನು ಎರಡು ಇಂಚು ಮುಂದಕ್ಕೆ ಓರೆ ಮಾಡಿ ನಿಲ್ಲಿಸಿದ್ದೀವಿ. ಹಿಂದಿನ ಸಂದಿಯಲ್ಲಿ ನೀರೂ ಓಡಾಡುತ್ತೆ. ಮೀನು ಸಿಕ್ಕಿಹಾಕಿಕೊಳ್ಳದಂತೆ ಪಕ್ಕಗಳನ್ನು ಮೆಶ್ಶಿನಲ್ಲೇ ಮುಚ್ಚಿದ್ದೀವಿ.

ಮೆಶ್ ಸ್ಟೇನ್‌ಲೆಸ್ ಸ್ಟೀಲಿನದ್ದೋ ಪ್ಲಾಸ್ಟಿಕ್ಕಿನದ್ದೋ ಇರಲಿ, ಕಣ್ಣು ಐದಾರು ಮಿಲಿಮೀಟರ್. ಹಾರ್ಡ್‌ವೇರ್ ಅಂಗಡಿಯ ಗ್ಯಾಲ್ವನೈಸ್ಡ್ ಜಾಲರಿ ಬೇಡ, ಅದರ ಸತು ಕರಗಿ ಸೀಗಡಿಗಳಿಗೆ ವಿಷ. ಹೊಲಿಯೋಕೆ ನೈಲಾನ್ ದಾರ, ಹತ್ತಿ ದಾರ ಕೊಳೆಯುತ್ತೆ. 60 ಸೆಂಟಿಮೀಟರ್ ಅಗಲ, 30 ಎತ್ತರ ಅಂದ್ರೆ 1800 ಚದರ ಸೆಂಟಿಮೀಟರ್, ಒಂದು ಕಪ್ ತೆಳ್ಳಗೆ ಹರಡಿದರೆ 10 ಗುಣಿಸು 10, ಹದಿನೆಂಟು ಕಪ್ ಬೇಕು. ನಾವು ತಂದದ್ದು ಆರು. ಪಟ್ಟೆ ಪಟ್ಟೆಯಾಗಿ ಹರಡಿ ಕಾದೆವು, ಈಗ ಐದನೇ ತಿಂಗಳು, ಕೆಳಗಿನ ನಾಲ್ಕು ಬೆರಳು ಬಿಟ್ಟು ಮಿಕ್ಕದ್ದು ತುಂಬಿದೆ.

ಎರಡು ಸೆಂಟಿಮೀಟರ್ ದಪ್ಪ ಬಂದ ಕೂಡಲೇ ಒಂದಕ್ಕೆ ಕತ್ತರಿಸುತ್ತೀವಿ, ಚೆನ್ನಾಗಿ ಕಾಣುತ್ತಿದ್ದರೂ. ಕತ್ತರಿಸುವಾಗ ಫಿಲ್ಟರ್ ಆಫ್ ಮಾಡಿ ಚೂರುಗಳನ್ನು ಪೈಪಿನಲ್ಲಿ ಎಳೆದುಬಿಡಬೇಕು, ಇಲ್ಲದಿದ್ದರೆ ಮುಂದಿನ ತಿಂಗಳು ಇಡೀ ಟ್ಯಾಂಕೇ ಗೋಡೆ. ಆ ಚೂರುಗಳನ್ನು ಸಿಂಕಿಗೋ ಕೆರೆಗೋ ಬಿಡದೆ ಬಕೆಟ್ಟಿನಲ್ಲಿ ಇಟ್ಟಿದ್ದೀವಿ. ಎಲ್ಲ ಕ್ರಿಸ್ಮಸ್ಸೇ, ತ್ರಿಕೋನ ಎಣಿಸಿ ನೋಡಿದ್ದೀವಿ. ಬೇಕಾದವರು ಶನಿವಾರ ಮಧ್ಯಾಹ್ನ ಒಂದು ಖಾಲಿ ಡಬ್ಬಿ ಹಿಡಿದು ಕಾರಿಡಾರಿಗೆ ಬನ್ನಿ.